ಮುಟ್ಟು ನಿಂತ ಮೇಲೆ ಮತ್ತೆ ಬಟ್ಟೆ ಯಾಕೆ?

ನಮ್ಮತ್ತೆ ಹುಳದ ಮನೆಗೆ ಹೋಗೋದು ನಿಲ್ಲಿಸಿದ್ದರು. ಮೊದಲು ಕಣ್ಣಿಗೆ ಬಿದ್ದಿದ್ದು ಅದು. ಕಣ್ಣಿಗೆ ಬಿತ್ತು ಅಷ್ಟೇ, ತಲೆಗೆ ಹೋಗಲಿಲ್ಲ.

ಶಿಡ್ಲಘಟ್ಟದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೆ ಬೇರೆ ಊರಿನವರೂ ಓದುತ್ತೀರಲ್ಲ, ಅದಕ್ಕೆ ಹೇಳುತ್ತೇನೆ. ನಮ್ಮದು ರೇಷ್ಮೆ ಮನೆ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಮನೆ ಹಿಂದೆ ಶೀಟ್ ಹೊದಿಸಿದ ಹುಳದ ಮನೆ. ಎರಡು ಜ್ವರ ಎದ್ದ, ಅಂದರೆ ಎರಡು ಸಲ ಪೊರೆ ಬಿಟ್ಟ ಚಾಕಿ ಹುಳ (ಎಳೆ ಹುಳ) ತಂದರೆ ಅಲ್ಲಿಂದ ಗೂಡು ಬಿಡಿಸುವವರೆಗೂ ಮನೆಯವರಿಗೆಲ್ಲ ಅದೇ ಕೆಲಸ, ಮದುವೆ ಮುಂಜಿ ಏನಿದ್ದರೂ ಆಮೇಲೆ. ಈ ಹುಳದ ಮನೆಗೆ ಮುಟ್ಟಾದ ಹೆಂಗಸರು ಹೋಗುವ ಹಾಗಿಲ್ಲ. ಹೋದರೆ ಹುಳಕ್ಕೆ ಹಾಲುತೊಂಡೆ ರೋಗ ಬರುತ್ತದೆ ಅಂತ ನಂಬಿಕೆ. ಹಾಲುತೊಂಡೆ ಬರೋದು ವೈರಸ್ಸಿಂದ, ಮುಟ್ಟಿನಿಂದಲ್ಲ ಅಂತ ನಾನು ಮದುವೆಯಾಗಿ ಬಂದ ಹೊಸದರಲ್ಲೇ ಹೇಳಿ ಚೆನ್ನಾಗಿ ಬೈಸಿಕೊಂಡಿದ್ದೇನೆ. ಆ ಮೇಲೆ ಸುಮ್ಮನಾದೆ. ತಿಂಗಳಿಗೆ ನಾಲ್ಕು ದಿನ ಸೊಪ್ಪು ಹಾಕುವ ಕೆಲಸ ತಪ್ಪಿದರೆ ಯಾರಿಗೆ ಬೇಡ ಹೇಳಿ!

ಅತ್ತೆಗೆ ಆಗ 58. ಮುಟ್ಟು ನಿಂತು ಎಂಟು ವರ್ಷ. ಮುಟ್ಟು ನಿಂತ ದಿನದಿಂದ ಹುಳದ ಮನೆ ಅವರದೇ ಕಾರುಬಾರು, ಯಾರ ಹಂಗೂ ಇಲ್ಲದೆ ಬೆಳಗಿನ ಜಾವ ಐದಕ್ಕೆ ಕೈಕಾಲು ತೊಳೆದು ಒಳಗೆ ಹೋದರೆ ಹುಳ ಜ್ವರಕ್ಕೆ ಕೂತಿದೆಯಾ, ಎದ್ದಿದೆಯಾ ಅಂತ ಕತ್ತಲಲ್ಲೇ ಕೈಯಾಡಿಸಿ ಹೇಳುತ್ತಿದ್ದರು. ಅಂಥವರು ಒಂದು ದಿನ ‘ಮಂಡಿ ಹಿಡ್ಕೊಂಡಿದೆ ಕಣಮ್ಮ, ಸೊಪ್ಪು ನೀನೇ ಹಾಕಿಬಿಡು’ ಅಂದರು. ಸರಿ, ವಯಸ್ಸಾಯಿತಲ್ಲ. ಮುಂದಿನ ಬೆಳೆಗೆ ‘ಬ್ಲೀಚಿಂಗ್ ಪೌಡರ್ ವಾಸನೆಗೆ ತಲೆ ಸುತ್ತುತ್ತೆ’ ಅಂದರು. ಮೂರನೇ ಬೆಳೆಗೆ ಕಾರಣವನ್ನೂ ಕೊಡಲಿಲ್ಲ. ಬಾಗಿಲ ಹೊರಗೆ ನಿಂತು ‘ಆ ಮೂಲೇಲಿ ಸೊಪ್ಪು ಕಮ್ಮಿ ಆಗಿದೆ ನೋಡು’ ಅಂತ ಹೇಳುತ್ತಿದ್ದರು. ಹೊಸ್ತಿಲು ಮಾತ್ರ ದಾಟಲಿಲ್ಲ. ನಮಗೆ ಯಾರಿಗೂ ಹೇಳಲಿಲ್ಲ, ಹುಳಕ್ಕೆ ಮಾತ್ರ ಮೋಸ ಮಾಡಲಿಲ್ಲ.

ಎರಡನೆಯದು ಬಟ್ಟೆ. ಕೊಟ್ಟಿಗೆ ಹಿಂದೆ ಒಂದು ತಂತಿ ಕಟ್ಟಿದ್ದೇವೆ, ಹೆಂಗಸರ ಒಳಬಟ್ಟೆ ಒಣಗುವುದು ಅಲ್ಲೇ. ಒಂದು ಸಂಜೆ ಮಳೆ ಬಂತು ಅಂತ ಓಡಿಹೋಗಿ ಬಟ್ಟೆ ಬಾಚಿಕೊಳ್ಳುವಾಗ ಅತ್ತೆಯ ಒಳಲಂಗದ ಕೆಳಗೆ ಕೈಗೆ ಇನ್ನೊಂದು ಬಟ್ಟೆ ಸಿಕ್ಕಿತು. ಹಳೇ ಕಾಟನ್ ಸೀರೆಯ ತುಂಡು, ನಾಲ್ಕು ಮಡಿಕೆ. ಮೇಲಿನ ಲಂಗ ಪೂರ್ತಿ ಒಣಗಿತ್ತು, ಇದು ಇನ್ನೂ ಹಸಿ. ಎಷ್ಟು ಒಗೆದರೂ ಹೋಗದ ಕಂದು ಅಂಚು ಒಂದು ಕಡೆ ಉಳಿದಿತ್ತು. ನಾದಿನಿ ಬಂದಿದ್ದಳಲ್ಲ, ಅವಳದಿರಬೇಕು ಅಂದುಕೊಂಡು ಮಡಿಸಿ ಇಟ್ಟೆ. ನಾದಿನಿ ಊರಿಗೆ ಹೋಗಿ ಹತ್ತು ದಿನ ಆಗಿತ್ತು. ಆ ಲೆಕ್ಕ ಹಾಕಿದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಮೇಲೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಇದನ್ನು ಹೇಳದೆ ಬಿಡಬಹುದಿತ್ತು, ಆದರೆ ಹೇಳಿಬಿಡುತ್ತೇನೆ. ಪ್ರತಿ ವರ್ಷ ಹತ್ತನೇ ಕ್ಲಾಸಿಗೆ ಬೋರ್ಡಿನ ಮೇಲೆ ಗರ್ಭಕೋಶದ ಚಿತ್ರ ಬರೆದು, ಕೆಳಗಿನ ಕಿರಿದಾದ ಭಾಗಕ್ಕೆ ಬಾಣ ಎಳೆದು ಗರ್ಭಕಂಠ ಅಂತ ಹೆಸರು ಬರೆಯುತ್ತೇನೆ. ಹುಡುಗರು ಕಿಸಕ್ ಅಂತ ನಗುತ್ತಾರೆ, ಹುಡುಗಿಯರು ತಲೆ ತಗ್ಗಿಸುತ್ತಾರೆ, ನಾನು ಬೇಗ ಬೇಗ ಮುಂದಿನ ಪುಟಕ್ಕೆ ಹೋಗುತ್ತೇನೆ. ಆ ಬಾಣದ ತುದಿಯಲ್ಲಿರುವ ಜಾಗ ನಮ್ಮ ಮನೆಯಲ್ಲೇ ಹುಣ್ಣಾಗಿ ರಕ್ತ ಸುರಿಸುತ್ತಿದ್ದಾಗ ನನಗೆ ಗೊತ್ತಾಗಲಿಲ್ಲ.

ಗೊತ್ತಾಗಿದ್ದು ಗೌರಿ ಹಬ್ಬದ ದಿನ. ಅತ್ತೆ ಪೂಜೆಗೆ ಕೂರಲಿಲ್ಲ. ಬಾಗಿನ ಕೊಡುವಾಗಲೂ ದೂರ ನಿಂತಿದ್ದರು. ಆ ವಾರದಲ್ಲೇ ಮೊಮ್ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದನ್ನೂ ಬಿಟ್ಟಿದ್ದರು, ದಿನಕ್ಕೆ ಎರಡು ಸಲ ಸ್ನಾನ, ಕೋಣೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಊದುಬತ್ತಿ. ಅಡುಗೆಮನೆಯಲ್ಲಿ ಪಕ್ಕಕ್ಕೆ ಬಂದಾಗ ಊದುಬತ್ತಿಯ ಅಡಿಯಲ್ಲಿ ಇನ್ನೊಂದು ವಾಸನೆ ಬಂತು. ಹೇಗೆ ಹೇಳಲಿ, ಮಾಂಸ ಕೆಟ್ಟ ಹಾಗೆ. ಆಗ ತಂತಿ, ಹಸಿ ಬಟ್ಟೆ, ಹುಳದ ಮನೆ ಎಲ್ಲ ಒಟ್ಟಿಗೆ ಬಂದು ಎದುರಿಗೆ ನಿಂತವು.

‘ಅತ್ತೆ, ಮುಟ್ಟು ನಿಂತ ಮೇಲೆ ಮತ್ತೆ ಬಟ್ಟೆ ಯಾಕೆ?’ ಅಂತ ಕೇಳಿದೆ.

ನಮ್ಮತ್ತೆಗೆ ನಾಚಿಕೆ ಆದಾಗ, ಸಿಟ್ಟು ಬಂದಾಗ ತೆಲುಗು ಬರುತ್ತದೆ. ಒಗ್ಗರಣೆ ಸೌಟು ಕೆಳಗಿಡದೇ ‘ವೇಡಿ ಚೇಸಿಂದಿ, ಅಂತೇ’ ಅಂದರು. ಉಷ್ಣ ಆಗಿದೆ, ಅಷ್ಟೇ.

ಈ ಉಷ್ಣದ ಬಗ್ಗೆ ನನಗೆ ಬಹಳ ಸಿಟ್ಟಿದೆ. ನಮ್ಮ ಕಡೆ ಹೆಂಗಸಿಗೆ ಸೊಂಟದ ಕೆಳಗೆ ಏನೇ ಆದರೂ ಅದು ಉಷ್ಣ. ಬಿಳುಪು ಹೋದರೆ ಉಷ್ಣ, ಉರಿಮೂತ್ರ ಆದರೆ ಉಷ್ಣ, ತಿಂಗಳಲ್ಲಿ ಎರಡು ಸಲ ಆದರೆ ಉಷ್ಣ. ಅದಕ್ಕೆ ಮೆಂತ್ಯ ನೆನೆಸಿದ ನೀರು, ಕಾಮಕಸ್ತೂರಿ ಬೀಜ, ನೆತ್ತಿಗೆ ಹರಳೆಣ್ಣೆ, ಎಳನೀರು. ಯಾವುದೂ ಕೆಟ್ಟದ್ದಲ್ಲ, ನಾನೂ ಕುಡಿಯುತ್ತೇನೆ. ಆದರೆ ಐದು ತಿಂಗಳು ಅತ್ತೆ ಮೆಂತ್ಯ ಕುಡಿದರು. ಆ ಐದು ತಿಂಗಳಲ್ಲಿ ನಾವು ಮೂರು ಬೆಳೆ ಗೂಡು ಮಾರಿದ್ದೆವು.

ಮರುದಿನವೇ ಡಾಕ್ಟರ ಹತ್ತಿರ ಹೋದೆವು ಅಂತ ಬರೆಯಲು ಆಸೆ. ಹೋದೆವು ನಿಜ, ಆದರೆ ಹೋದದ್ದು ಜ್ವರ ನೆಗಡಿಗೆ ಹೋಗುವ ಮಾಮೂಲಿ ಕ್ಲಿನಿಕ್ಕಿಗೆ. ಅಲ್ಲಿ ಕುರ್ಚಿಯ ಮೇಲೆ ಕೂರಿಸಿಯೇ ಮಾತಾಡಿದರು. ವಯಸ್ಸಿಗೆ ಹಾರ್ಮೋನ್ ಏರುಪೇರು ಆಗುತ್ತೆ ಅಂದರು, ರಕ್ತ ನಿಲ್ಲುವ ಮಾತ್ರೆ, ಕಬ್ಬಿಣದ ಮಾತ್ರೆ ಬರೆದರು. ಒಳಗೆ ನೋಡಲಿಲ್ಲ, ನೋಡಿಸಿ ಅಂತಲೂ ಹೇಳಲಿಲ್ಲ. ಮಾತ್ರೆಗೆ ಎರಡು ವಾರ ರಕ್ತ ಕಮ್ಮಿ ಆಯಿತು. ಅದೇ ಎಡವಟ್ಟಾಗಿದ್ದು. ವಾಸಿ ಆಯಿತು ಅಂತ ಅತ್ತೆ ಹುಳದ ಮನೆ ಹೊಸ್ತಿಲು ದಾಟಿದರು, ನಾನೂ ನಿಟ್ಟುಸಿರು ಬಿಟ್ಟೆ. ಮತ್ತೆ ಶುರುವಾದಾಗ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದೆವು, ರಿಪೋರ್ಟಿನಲ್ಲಿ ಅಂಥದ್ದೇನೂ ಇಲ್ಲ ಅಂತ ಬಂತು. ಇದನ್ನು ಓದುತ್ತಿರುವವರು ಒಂದು ಮಾತು ನೆನಪಿಟ್ಟುಕೊಳ್ಳಿ: ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಬಾಯಿಯ ಹುಣ್ಣು ಕಾಣದೇ ಹೋಗಬಹುದು. ಸ್ಕ್ಯಾನ್ ನಾರ್ಮಲ್ ಅಂದರೆ ಅಲ್ಲಿ ಏನೂ ಇಲ್ಲ ಅಂತ ಅರ್ಥವಲ್ಲ. ಆ ಜಾಗವನ್ನು ಕಣ್ಣಿಂದ ನೋಡಬೇಕು.

ಕೊನೆಗೆ ನೋಡಿದ್ದು ಸರ್ಕಾರಿ ಆಸ್ಪತ್ರೆಯ ಒಬ್ಬ ಲೇಡಿ ಡಾಕ್ಟರು, ನನ್ನ ವಯಸ್ಸಿನವರೇ ಇರಬೇಕು. ಅತ್ತೆ ಮಂಚ ಹತ್ತಲು ಒಪ್ಪಲೇ ಇಲ್ಲ. ‘ನಾಲ್ಕು ಹೆತ್ತಿದ್ದೀನಿ, ಒಬ್ಬರಿಗೂ ಹಿಂಗೆ ತೋರಿಸಿಲ್ಲ’ ಅಂದರು. ಡಾಕ್ಟರು ನಗುತ್ತಾ ‘ಅಮ್ಮಾ, ನಾನು ದಿನಾ ಮೂವತ್ತು ಜನರನ್ನ ನೋಡ್ತೀನಿ, ಯಾರ ಮುಖನೂ ನೆನಪಿರಲ್ಲ’ ಅಂದರು. ಪರದೆ ಹಿಂದೆ ಎರಡು ನಿಮಿಷ. ಹೊರಗೆ ಬಂದಾಗ ಡಾಕ್ಟರ ಮುಖದಲ್ಲಿ ಆ ನಗು ಇರಲಿಲ್ಲ. ಹೂಕೋಸಿನ ಥರ ಗಡ್ಡೆ ಕಾಣ್ತಿದೆ, ಮುಟ್ಟಿದರೆ ರಕ್ತ ಬರ್ತಿದೆ, ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು ಅಂದರು. ಎಷ್ಟು ತಿಂಗಳಿಂದ ಅಂತ ಕೇಳಿದರು. ಏಳು ತಿಂಗಳು ಅಂತ ಹೇಳುವಾಗ ನನ್ನ ಧ್ವನಿ ಅವರಿಗೆ ಕೇಳಿಸಲಿಲ್ಲ, ಎರಡನೇ ಸಲ ಹೇಳಬೇಕಾಯಿತು.

ಬಯಾಪ್ಸಿಯಲ್ಲಿ ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಅಂತ ಬಂತು. ಸರಿ, ಈಗ ಅದರ ಲಕ್ಷಣಗಳ ವಿಷಯಕ್ಕೆ ಬರುತ್ತೇನೆ, ಇದನ್ನು ಬರೆಯಲು ಕೂತಿದ್ದೇ ಅದಕ್ಕೆ.

ಎಲ್ಲಕ್ಕಿಂತ ದೊಡ್ಡದು ರಕ್ತ, ಬರಬಾರದ ಹೊತ್ತಿನಲ್ಲಿ ಬರುವ ರಕ್ತ. ಒಂದು ವರ್ಷ ಪೂರ್ತಿ ಮುಟ್ಟಾಗದಿದ್ದರೆ ಮುಟ್ಟು ನಿಂತಿತು ಅಂತ ಲೆಕ್ಕ. ಅದಾದ ಮೇಲೆ ಒಂದು ಹನಿ ಕಂಡರೂ, ಕಲೆಯಷ್ಟೇ ಆದರೂ, ಒಂದೇ ಸಲ ಆಗಿ ನಿಂತುಹೋದರೂ ತೋರಿಸಬೇಕು. ಮತ್ತೆ ಮುಟ್ಟು ಶುರುವಾಯಿತು, ಮೈಯಲ್ಲಿ ಇನ್ನೂ ಕಸುವಿದೆ ಅಂತ ಕೆಲವರು ಹೆಮ್ಮೆಯಿಂದ ಹೇಳಿದ್ದನ್ನೂ ಕೇಳಿದ್ದೇನೆ! ನಿಂತ ಮುಟ್ಟು ಹಾಗೆಲ್ಲ ವಾಪಸ್ ಬರುವುದಿಲ್ಲ. ಬಂದರೆ ಬೇರೆ ಏನೋ ಇದೆ. ಹೆಚ್ಚಿನವರಿಗೆ ಅದು ಕ್ಯಾನ್ಸರ್ ಆಗಿರುವುದಿಲ್ಲ, ಒಳಪದರ ಒಣಗಿ ತೆಳುವಾದರೂ ಬರುತ್ತದೆ, ಸಣ್ಣ ನರಹುಲಿಯಂಥದ್ದು ಬೆಳೆದಿದ್ದರೂ ಬರುತ್ತದೆ. ಆದರೆ ಯಾವುದು ಅಂತ ನಿರ್ಧಾರ ಮಾಡುವವರು ನಾವಲ್ಲ, ಮೆಂತ್ಯವಂತೂ ಅಲ್ಲ.

ಇನ್ನು ಮುಟ್ಟು ನಡೆಯುತ್ತಿರುವವರಿಗೆ ಎರಡು ಮುಟ್ಟಿನ ನಡುವೆ ರಕ್ತ ಕಾಣುವುದು, ಮೊದಲು ನಾಲ್ಕು ದಿನಕ್ಕೆ ಮುಗಿಯುತ್ತಿದ್ದದ್ದು ಎಂಟು ಹತ್ತು ದಿನ ಎಳೆಯುವುದು, ಮೊದಲಿಗಿಂತ ತೀರಾ ಜಾಸ್ತಿ ಹೋಗುವುದು. ಮತ್ತೊಂದಿದೆ, ಇದನ್ನು ಹೇಳಲು ನಮಗೆ ಮಾತೇ ಸಿಗುವುದಿಲ್ಲ: ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣುವುದು. ಇದು ಈ ಕಾಯಿಲೆಯಲ್ಲಿ ಬೇಗ ಕಾಣಿಸಿಕೊಳ್ಳಬಹುದಾದ ಲಕ್ಷಣ. ಗರ್ಭಕೋಶದ ಬಾಯಲ್ಲಿ ಬೆಳೆದ ಕೆಟ್ಟ ಮಾಂಸದ ರಕ್ತನಾಳಗಳು ತೀರಾ ನಾಜೂಕು, ತಾಗಿದರೆ ಒಡೆಯುತ್ತವೆ, ಅಷ್ಟೇ ವಿಷಯ. ಆದರೆ ಇದನ್ನು ಯಾರಿಗೆ ಹೇಳೋದು? ಅತ್ತೆಗಾ, ಅಮ್ಮನಿಗಾ? ಗಂಡನಿಗೆ ಹೇಳಿದರೆ ಆತನಿಗೆ ಭಯ, ಇಲ್ಲ ಅನುಮಾನ. ನಮ್ಮೂರಿನ ಒಬ್ಬರು, ಹೆಸರು ಬೇಡ, ಇದಕ್ಕೆ ಎರಡು ವರ್ಷ ಸುಮ್ನೆ ಗಂಡನಿಂದ ದೂರ ಮಲಗಿದರಂತೆ, ಸೇರದಿದ್ದರೆ ರಕ್ತ ಬರಲ್ಲವಲ್ಲ ಅಂತ. ಆಶಾ ಕಾರ್ಯಕರ್ತೆಗೆ, ನರ್ಸಿಗೆ ಹೇಳಿ. ‘ಸೇರಿದ ಮೇಲೆ ಕಲೆ ಆಗುತ್ತೆ’ ಅಂದರೆ ಸಾಕು, ಅವರಿಗೆ ಅರ್ಥ ಆಗುತ್ತದೆ.

ಬಿಳುಪು ಹೋಗುವುದರ ಬಗ್ಗೆ ಗೊಂದಲ ಜಾಸ್ತಿ. ಬಿಳುಪು ಹೋದ ಮಾತ್ರಕ್ಕೆ ಹೆದರಬೇಕಾಗಿಲ್ಲ. ತಿಂಗಳ ನಡುವೆ ಮೊಟ್ಟೆಯ ಬಿಳಿ ಥರ ಲೋಳೆಯಾಗಿ ಹೋಗುವುದು ಸಹಜ. ಮೊಸರು ಒಡೆದ ಹಾಗಿದ್ದು ತುರಿಕೆ ಇದ್ದರೆ ಅದು ಸಾಮಾನ್ಯವಾಗಿ ಫಂಗಸ್, ಔಷಧಿಗೆ ಹೋಗುತ್ತದೆ. ಗಮನ ಕೊಡಬೇಕಾದ್ದು ನೀರು ನೀರಾಗಿ ನಿಲ್ಲದೆ ಹೋಗುವುದು, ತೆಳು ಗುಲಾಬಿ ಅಥವಾ ಕಂದು ಬಣ್ಣ ಬೆರೆತಿರುವುದು, ಕೆಟ್ಟ ವಾಸನೆ ಬರುವುದು, ಔಷಧಿ ತಗೊಂಡರೂ ಮತ್ತೆ ಮತ್ತೆ ಮರಳುವುದು. ನಮ್ಮತ್ತೆ ಇದಕ್ಕೇ ಊದುಬತ್ತಿ ಹಚ್ಚುತ್ತಿದ್ದದ್ದು.

ನೋವು ತಡವಾಗಿ ಬರುತ್ತದೆ. ಮೋಸ ಇರುವುದೇ ಅಲ್ಲಿ. ನೋವಿದ್ದರೆ ತಾನೇ ಕಾಯಿಲೆ ಅಂತ ನಾವು ಅಂದುಕೊಳ್ಳುತ್ತೇವೆ, ಅತ್ತೆಯೂ ಅದನ್ನೇ ಹೇಳುತ್ತಿದ್ದರು, ‘ನೋವೇ ಇಲ್ಲ ಬಿಡಮ್ಮ’ ಅಂತ. ಕೆಳಹೊಟ್ಟೆ ನೋವು, ಸೊಂಟದ ನೋವು, ಒಂದೇ ಕಾಲು ಊದಿಕೊಳ್ಳುವುದು, ಮೂತ್ರದಲ್ಲಿ ತೊಂದರೆ, ಕಾರಣವಿಲ್ಲದೆ ತೂಕ ಇಳಿಯುವುದು ಇವೆಲ್ಲ ಕಾಯಿಲೆ ಅಕ್ಕಪಕ್ಕಕ್ಕೆ ಹರಡುವಾಗಿನ ಮಾತು. ಅಷ್ಟರವರೆಗೆ ಕಾಯಬಾರದು.

‘ನನಗೆ ಆಪರೇಷನ್ ಆಗಿದೆ, ನನಗೇನೂ ಬರಲ್ಲ’ ಅಂತ ಹೇಳುವವರು ನಮ್ಮ ಬೀದಿಯಲ್ಲೇ ಐದಾರು ಜನ ಇದ್ದಾರೆ. ಅವರು ಹೇಳುವ ಆಪರೇಷನ್ ಮಕ್ಕಳಾಗದ ಹಾಗೆ ಮಾಡಿಸಿದ್ದು. ಅದರಲ್ಲಿ ಕಟ್ಟುವುದು ನಾಳವನ್ನು, ಗರ್ಭಕೋಶದ ಬಾಯಿ ಇದ್ದಲ್ಲೇ ಇರುತ್ತದೆ.

ವಿಷಯ ಊರಿಗೆ ಗೊತ್ತಾದ ಮೇಲೆ ಒಬ್ಬರು ಬಂದು ನನ್ನನ್ನು ಪಕ್ಕಕ್ಕೆ ಕರೆದು ‘ಇದು ಅಂಥವರಿಗೆ ಬರೋ ಕಾಯಿಲೆ ಅಂತಾರಲ್ಲ?’ ಅಂದರು. ಎಂಥವರಿಗೆ? 15ಕ್ಕೆ ಮದುವೆಯಾಗಿ, 16ಕ್ಕೆ ಮೊದಲ ಮಗು ಹೆತ್ತು, ಮಾವನೊಬ್ಬನನ್ನು ಬಿಟ್ಟು ಬೇರೆ ಗಂಡಸಿನ ಜೊತೆ ನಿಂತು ಮಾತಾಡಿದವರೂ ಅಲ್ಲ ನಮ್ಮತ್ತೆ. ಕೇಳಿದವರಿಗೆ ಅರ್ಥ ಮಾಡಿಸಲು ನಾನು ಹಾಲುತೊಂಡೆಯ ಮೊರೆ ಹೋದೆ. ಹುಳಕ್ಕೆ ಒಂದು ವೈರಸ್ ಹೇಗೋ ಇದಕ್ಕೂ ಒಂದು ವೈರಸ್ ಇದೆ, ಹೆಸರು ಎಚ್‌ಪಿವಿ. ಗಂಡು ಹೆಣ್ಣು ಸೇರುವಾಗ ಒಬ್ಬರಿಂದೊಬ್ಬರಿಗೆ ಬರುತ್ತದೆ, ಎಷ್ಟು ಸಾಮಾನ್ಯ ಅಂದರೆ ಸಂಸಾರ ಮಾಡಿದ ಹೆಚ್ಚಿನವರಿಗೆ ಒಂದಲ್ಲ ಒಂದು ಸಲ ಬಂದು ಹೋಗಿರುತ್ತದೆ. ಒಬ್ಬ ಗಂಡನ ಜೊತೆ ಮಾತ್ರ ಬಾಳಿದವಳಿಗೂ ಬರುತ್ತದೆ. ಬಂದ ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಹೋಗದೆ ಕೂತುಬಿಡುತ್ತದೆ. ಕೂತ ವೈರಸ್ ಗರ್ಭಕೋಶದ ಬಾಯಿಯ ಜೀವಕೋಶಗಳನ್ನು ನಿಧಾನವಾಗಿ ಕೆಡಿಸಿ ಕ್ಯಾನ್ಸರ್ ಮಾಡಲು ಸಾಮಾನ್ಯವಾಗಿ 15-20 ವರ್ಷ ಬೇಕು. ಈ ವೈರಸ್ಸಿಗೂ ಕ್ಯಾನ್ಸರಿಗೂ ಇರುವ ನಂಟನ್ನು ಕಂಡುಹಿಡಿದ ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಇದರಲ್ಲಿ ನೂರಾರು ಬಗೆ ಇದ್ದರೂ 16, 18 ಅನ್ನುವ ಎರಡೇ ಬಗೆ ಸೇರಿ ನೂರಕ್ಕೆ ಎಪ್ಪತ್ತು ಗರ್ಭಕಂಠದ ಕ್ಯಾನ್ಸರಿಗೆ ಕಾರಣ. ಚಿಕ್ಕ ವಯಸ್ಸಿಗೆ ಮದುವೆ, ಜಾಸ್ತಿ ಹೆರಿಗೆ, ಬೀಡಿ ಸಿಗರೇಟು, ಎಚ್‌ಐವಿ ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ನಡತೆ ಅನ್ನುವ ಮಾತು ಎಲ್ಲಿಂದ ಬಂತು ಇಲ್ಲಿ?

ಅವರು ಪೂರ್ತಿ ಕೇಳಿಸಿಕೊಂಡು, ಕಾಫಿ ಕುಡಿದು, ಹೋಗುವಾಗ ‘ಆದ್ರೂ ತಟ್ಟೆ ಲೋಟ ಬೇರೆ ಇಟ್ಟಿದ್ದೀರ ತಾನೇ?’ ಅಂದರು. ತಟ್ಟೆ ಲೋಟದಿಂದ ಕ್ಯಾನ್ಸರ್ ಅಂಟುವುದಿಲ್ಲ. ಇದನ್ನು ಇನ್ನೆಷ್ಟು ಸಲ ಹೇಳಬೇಕೋ.

ಆ 15-20 ವರ್ಷ ಅಂದೆನಲ್ಲ, ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ಅಷ್ಟು ದೊಡ್ಡ ಅವಧಿಯಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ರಕ್ತ ಇಲ್ಲ, ವಾಸನೆ ಇಲ್ಲ, ನೋವಿಲ್ಲ. ಅಂದರೆ ನಾನು ಮೇಲೆ ಬರೆದದ್ದೆಲ್ಲ ಕಾಯಿಲೆ ಬಂದ ಮೇಲಿನ ಗುರುತು, ಬರುವ ಮುಂಚಿನದಲ್ಲ. ಬರುವ ಮುಂಚೆ ಹಿಡಿಯಬೇಕಾದರೆ ಆರೋಗ್ಯವಾಗಿರುವಾಗಲೇ ಹೋಗಿ ನೋಡಿಸಿಕೊಳ್ಳಬೇಕು. ಆಗ ಸಿಕ್ಕರೆ ಆ ಜಾಗವನ್ನು ಶೀತದಿಂದಲೋ ಬಿಸಿಯಿಂದಲೋ ಸುಟ್ಟು ತೆಗೆದುಬಿಡುತ್ತಾರೆ, ಬಹಳಷ್ಟು ಜನ ಅದೇ ದಿನ ಮನೆಗೆ ಬರುತ್ತಾರೆ. ನಮ್ಮ ದೇಶದಲ್ಲಿ 2022ರಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಇದು ಹೊಸದಾಗಿ ಬಂತು, ಸುಮಾರು 80 ಸಾವಿರ ಜನ ಸತ್ತರು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಅಂದಾಜು. ಇನ್ನೊಂದು ಕಡೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಯಾವತ್ತಾದರೂ ಒಂದು ಸಲ ಈ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ.

ನಾವು ತರುವ ಹುಳದ ಮೊಟ್ಟೆಗೆ ರೋಗವಿಲ್ಲ ಅಂತ ಹೇಗೆ ಗೊತ್ತು? ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ, ಪೆಬ್ರಿನ್ ಅನ್ನುವ ರೋಗದ ಸೂಕ್ಷ್ಮಾಣು ಕಂಡರೆ ಆ ಮೊಟ್ಟೆಯನ್ನೇ ನಾಶ ಮಾಡುತ್ತಾರೆ. ಲೂಯಿ ಪಾಶ್ಚರ್ 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ರೈತರಿಗೆ ಹೇಳಿಕೊಟ್ಟ ಉಪಾಯ ಅದು. ಪ್ಯಾಪ್ ಪರೀಕ್ಷೆಯೂ ಹೆಚ್ಚುಕಮ್ಮಿ ಅಂಥದ್ದೇ. ಗರ್ಭಕೋಶದ ಬಾಯಿಂದ ಬ್ರಷ್ಷಿನಲ್ಲಿ ಸ್ವಲ್ಪ ಜೀವಕೋಶ ಒರೆಸಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ, ಅರೆಯುವುದಿಲ್ಲ, ಹೆದರಬೇಡಿ. ಚಿಟ್ಟೆಗೆ ನೂರೈವತ್ತು ವರ್ಷದಿಂದ ಇಷ್ಟು ಜೋಪಾನ, ಸೊಪ್ಪು ಹಾಕುವವಳನ್ನು ಯಾರೂ ನೋಡಿಲ್ಲ.

ಅದಕ್ಕಿಂತ ಸುಲಭದ್ದು ಇನ್ನೊಂದಿದೆ, ವಿನೆಗರ್ ಪರೀಕ್ಷೆ. ಸರ್ಕಾರದ 2016ರ ಮಾರ್ಗಸೂಚಿಯ ಪ್ರಕಾರ 30ರಿಂದ 65 ವರ್ಷದ ಎಲ್ಲ ಹೆಂಗಸರಿಗೂ ಐದು ವರ್ಷಕ್ಕೊಮ್ಮೆ ಮಾಡಬೇಕಾದ್ದು ಇದನ್ನೇ. ಅತ್ತೆಯ ರಿಪೋರ್ಟ್ ಬಂದ ತಿಂಗಳೇ ನಾನೂ ಮಾಡಿಸಿಕೊಂಡೆ. ನನಗೆ 39, ಎರಡು ಹೆರಿಗೆ, ಒಂದು ಸಲವೂ ಮಾಡಿಸಿರಲಿಲ್ಲ. ಮಂಚದ ಮೇಲೆ ಕಾಲು ಮಡಿಸಿ ಮಲಗಬೇಕು. ಬಾತುಕೋಳಿ ಕೊಕ್ಕಿನ ಹಾಗಿರುವ ಒಂದು ಸಾಧನ ಒಳಗೆ ಇಟ್ಟು ಅಗಲಿಸುತ್ತಾರೆ. ತಣ್ಣಗಿತ್ತು, ಮೈ ಜುಮ್ ಅಂತು. ನರ್ಸಮ್ಮ ‘ಉಸಿರು ಬಿಡಮ್ಮ, ಬಿಗಿ ಹಿಡಿದಷ್ಟೂ ನಿನಗೇ ಕಷ್ಟ’ ಅಂದರು. ಆಮೇಲೆ ಹತ್ತಿಯಲ್ಲಿ ನೀರು ಬೆರೆಸಿದ ಅಸಿಟಿಕ್ ಆಮ್ಲ ಅದ್ದಿ ಒಳಗೆ ಒತ್ತಿ ಹಿಡಿದರು. ಗೋಬಿ ಮಂಚೂರಿ ಗಾಡಿಯಲ್ಲಿ ಬಾಟಲಿ ಇಟ್ಟಿರುತ್ತಾರಲ್ಲ, ಹೆಚ್ಚುಕಮ್ಮಿ ಅದೇ ವಾಸನೆ. ಚೂರು ಚುರುಗುಟ್ಟಿತು. ಒಂದು ನಿಮಿಷ ಕಾಯಬೇಕು. ಕೆಟ್ಟ ಜೀವಕೋಶ ಇದ್ದರೆ ಆ ಜಾಗ ಬೆಳ್ಳಗಾಗುತ್ತದೆ, ಇಲ್ಲದಿದ್ದರೆ ಇಲ್ಲ. ನಾನು ಚಾವಣಿ ಫ್ಯಾನಿನ ರೆಕ್ಕೆಯಲ್ಲಿ ಎಷ್ಟು ಜೇಡರ ಬಲೆ ಇದೆ ಅಂತ ಎಣಿಸಿದೆ. ಹದಿಮೂರಕ್ಕೆ ಬಂದಾಗ ‘ಏನೂ ಇಲ್ಲ, ಎದ್ದೇಳು’ ಅಂದರು. ಹೋಗಿ ಬಂದದ್ದೆಲ್ಲ ಸೇರಿ ಹತ್ತು ನಿಮಿಷ. ಹಲ್ಲು ಕೀಳಿಸಿದ್ದು ಇದಕ್ಕಿಂತ ಕಷ್ಟ ಇತ್ತು.

ಒಂದು ಮಾತು, ಈ ಪರೀಕ್ಷೆ ಲಕ್ಷಣ ಇಲ್ಲದವರಿಗೆ. ಈಗಾಗಲೇ ರಕ್ತ ಹೋಗುತ್ತಿದ್ದರೆ ಕ್ಯಾಂಪು ಬರಲಿ ಅಂತ ಕಾಯಬೇಡಿ, ನೇರ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ, ಒಳಗೆ ನೋಡಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಕುರ್ಚಿಯಲ್ಲೇ ಕೂರಿಸಿ ಮಾತ್ರೆ ಬರೆದರೆ ಬೇರೆಯವರ ಹತ್ತಿರ ಹೋಗಿ. ನಾನು ಅದನ್ನು ಮಾಡಲಿಲ್ಲ.

ಮಗಳಿಗೆ ಲಸಿಕೆ ಹಾಕಿಸಿದೆ. 9ರಿಂದ 14 ವರ್ಷದೊಳಗೆ ಹಾಕಿಸಿದರೆ ಒಳ್ಳೆಯದು ಅನ್ನುತ್ತಾರೆ, ಅವಳಿಗೆ 11. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಸರ್ವಾವ್ಯಾಕ್ ಅನ್ನುವ ನಮ್ಮ ದೇಶದ್ದೇ ಲಸಿಕೆ ಬಂದಿದೆ. ‘ಮದುವೆಗೂ ಮುಂಚೆ ಇದೆಲ್ಲ ಯಾಕೆ’ ಅಂತ ನಮ್ಮೆಜಮಾನ್ರು ಗೊಣಗಿದರು. ವೈರಸ್ ಬರುವ ಮುಂಚೆ ಹಾಕಿದರೆ ತಾನೇ ಲಸಿಕೆ, ಬಂದ ಮೇಲೆ ಹಾಕಿದರೆ ಏನು ಪ್ರಯೋಜನ ಅಂದೆ. ಹುಳ ತರುವ ಮುಂಚೆ ಮನೆ ತೊಳೆಯುತ್ತೀರೋ, ಹಾಲುತೊಂಡೆ ಬಂದ ಮೇಲೋ ಅಂದೆ. ಮಾತಾಡಲಿಲ್ಲ, ಬೈಕ್ ಸ್ಟಾರ್ಟ್ ಮಾಡಿದರು. ಲಸಿಕೆ ಹಾಕಿಸಿದರೂ 30 ದಾಟಿದ ಮೇಲೆ ಅವಳೂ ಪರೀಕ್ಷೆ ಮಾಡಿಸಿಕೊಳ್ಳಬೇಕು, ಲಸಿಕೆ ಎಲ್ಲ ಬಗೆಯ ವೈರಸ್ಸನ್ನೂ ತಡೆಯುವುದಿಲ್ಲ.

ಅತ್ತೆಯ ಕಾಯಿಲೆ 2ಬಿ ಹಂತದಲ್ಲಿತ್ತು. ಅಂದರೆ ಗರ್ಭಕೋಶದ ಬಾಯಿ ದಾಟಿ ಪಕ್ಕದ ಮಾಂಸಕ್ಕೆ ಬಂದಿದೆ, ಸೊಂಟದ ಗೋಡೆ ಮುಟ್ಟಿಲ್ಲ. ಆಪರೇಷನ್ ಮಾಡಿ ತೆಗೆಯುವ ಘಟ್ಟ ದಾಟಿದೆ, ಆದರೆ ವಾಸಿ ಮಾಡಲು ನೋಡಬಹುದಾದ ಘಟ್ಟವೇ ಅಂದರು. ಬೆಂಗಳೂರಿನ ಕಿದ್ವಾಯಿಯಲ್ಲಿ ಚಿಕಿತ್ಸೆ. ವಾರಕ್ಕೆ ಐದು ದಿನದಂತೆ 25 ಸಲ ಕರೆಂಟ್, ಜೊತೆಗೆ ವಾರಕ್ಕೊಂದು ಸಣ್ಣ ಕೀಮೋ, ಕೊನೆಯಲ್ಲಿ ಒಳಗಿನಿಂದ ಕೊಡುವ ಕರೆಂಟ್. ಕರೆಂಟ್ ಅಂದರೆ ರೇಡಿಯೇಷನ್, ವಾರ್ಡಿನಲ್ಲಿ ಯಾರೂ ರೇಡಿಯೇಷನ್ ಅನ್ನುವುದಿಲ್ಲ, ‘ನಿಮಗೆಷ್ಟು ಕರೆಂಟ್ ಆಯ್ತು?’ ಅಂತಲೇ ಮಾತು ಶುರು. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆಯ ಖರ್ಚು ಹೋಯಿತು, ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ರೂಮು, ಊಟ, ಓಡಾಟದ ಖರ್ಚು ನಮ್ಮದೇ. ಒಂದು ಬೆಳೆ ಹುಳ ಮೇಯಿಸಲಿಲ್ಲ. ಭೇದಿ, ಸುಸ್ತು, ಮೂತ್ರ ಉರಿ ಎಲ್ಲ ಅನುಭವಿಸಿದರು. ಅಲ್ಲಿ ಪಕ್ಕದ ಹಾಸಿಗೆಯಲ್ಲಿದ್ದವರು ಮುಳಬಾಗಿಲ ಕಡೆಯವರು, ಅವರೂ ಮೆಂತ್ಯ ಕುಡಿದವರೇ.

ಈಗ ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುತ್ತಾರೆ. ಸದ್ಯಕ್ಕೆ ಏನೂ ಕಾಣುತ್ತಿಲ್ಲ ಅಂದಿದ್ದಾರೆ. ಹುಳದ ಮನೆಗೆ ಹೋಗುತ್ತಾರೆ, ಜಾಸ್ತಿ ಹೊತ್ತು ನಿಲ್ಲಲು ಆಗಲ್ಲ, ಸ್ಟೂಲು ಹಾಕಿಕೊಂಡು ಕೂತು ನನ್ನ ಕೆಲಸದಲ್ಲಿ ತಪ್ಪು ಹುಡುಕುತ್ತಾರೆ. ನಾನು ಮುಟ್ಟಾದಾಗ ಒಳಗೆ ಬಿಡುವುದು ಇನ್ನೂ ಇಲ್ಲ. ವೈರಸ್ ಬಗ್ಗೆ ಅಷ್ಟೆಲ್ಲ ಹೇಳಿದ ಮೇಲೂ!

ಆದರೆ ಬೀದಿಯವರಿಗೆ ಹೇಳುವ ಕೆಲಸ ಈಗ ಅವರದೇ. ನನ್ನ ಹತ್ತಿರ ಪಾಠ ಮಾಡುವ ದನಿ ಇದೆ, ಯಾರೂ ಕೇಳುವುದಿಲ್ಲ. ಅವರು ಒಗೆಯುವ ಕಲ್ಲಿನ ಹತ್ತಿರ ಕೂತು ‘ನಿನಗೆ ಬಟ್ಟೆ ನಿಂತು ಎಷ್ಟು ವರ್ಷ ಆಯ್ತೇ?’ ಅಂತಲೇ ಶುರು ಮಾಡುತ್ತಾರೆ. ಹೋದ ವಾರ ಇಬ್ಬರನ್ನು ಒಪ್ಪಿಸಿದರು. ಒಬ್ಬರಿಗೆ ಲಕ್ಷಣ ಏನಿಲ್ಲ, ಸುಮ್ನೆ ಪರೀಕ್ಷೆಗೆ ಬರುತ್ತಾರೆ. ಇನ್ನೊಬ್ಬರಿಗೆ ಮುಟ್ಟು ನಿಂತು ಮೂರು ವರ್ಷ, ಯುಗಾದಿಯಲ್ಲಿ ಒಂದು ಸಲ ಕಲೆ ಆಗಿತ್ತಂತೆ. ನಾಳೆನೇ ಹೋಗೋಣ ಅಂದೆ. ‘ಹುಳ ನಾಲ್ಕನೇ ಜ್ವರ ಎದ್ದಿದೆ ಕಣಮ್ಮ, ಚಂದ್ರಂಕಿಗೆ ಬಿಟ್ಟ ಮೇಲೆ ಬರ್ತೀನಿ’ ಅಂದರು. ಚಂದ್ರಂಕಿ ಅಂದರೆ ಹುಳ ಗೂಡು ಕಟ್ಟುವ ತಟ್ಟೆ. ನಾನು ಬಾಯಿ ತೆಗೆಯುವ ಮುಂಚೆ ನಮ್ಮತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ‘ನಿನ್ನ ಹುಳಕ್ಕೆ ನಾಳೆ ಸೊಪ್ಪು ನಾನು ಹಾಕ್ತೀನಿ, ನೀನು ಎಂಟೂವರೆ ಬಸ್ಸಿಗೆ ಇವಳ ಜೊತೆ ಹೋಗು’ ಅಂದರು.